ಕ್ರಿಸ್‌ಮಸ್ ಕದ್ದ ಹಬ್ಬವೇ?

ಪ್ರಶ್ನೆ: ಡಿಸೆಂಬರ್ ಬಂತೆಂದರೆ ನಮ್ಮ ಕಾಲೇಜಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಸುತ್ತತೊಡಗುತ್ತದೆ. ಕ್ರಿಸ್‌ಮಸ್ ರೋಮನ್ನರ ಸೂರ್ಯದೇವನ ಹಬ್ಬ, ಈಸ್ಟರ್ ಇಷ್ತಾರ್ ದೇವಿಯ ಹಬ್ಬ, ಹ್ಯಾಲೋವೀನ್ ಐರ್ಲೆಂಡಿನ ಹಳೆಯ ಹಬ್ಬ, ಚರ್ಚು ಎಲ್ಲವನ್ನೂ ಕದ್ದು ತನ್ನ ಹೆಸರು ಅಂಟಿಸಿಕೊಂಡಿತು ಎಂದು ಅದರಲ್ಲಿರುತ್ತದೆ. ನನ್ನ ಜೊತೆ ಓದುವ ಕ್ರೈಸ್ತ ಗೆಳತಿ ಈ ಸಲ ಗುಂಪನ್ನೇ ಬಿಟ್ಟು ಹೋದಳು. ಇದರಲ್ಲಿ ಎಷ್ಟು ನಿಜ? ಅವಳಿಗೆ ನಾನು ಏನು ಹೇಳಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆ ಸಂದೇಶ ನನ್ನ ಮೊಬೈಲಿಗೂ ಪ್ರತಿವರ್ಷ ಬರುತ್ತದೆ. ಅದರಲ್ಲಿ ಪೂರ್ತಿ ಸುಳ್ಳಾದದ್ದೂ ಇದೆ, ಅರ್ಧ ನಿಜವೂ ಇದೆ, ನಿಜವಾಗಿ ಸ್ವಾರಸ್ಯವಾದ ಒಂದೆರಡು ಸಂಗತಿಗಳೂ ಇವೆ. ಬಿಡಿಸಿ ನೋಡುವ ಮೊದಲು ಒಂದು ವಿಷಯ ಸ್ಪಷ್ಟವಿರಲಿ: ಹಬ್ಬದ ತಾರೀಖು ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆ, ಹಬ್ಬದ ದಿನ ಜನ ಏನೇನು ಮಾಡುತ್ತಾರೋ ಅದು ಎಲ್ಲಿಂದ ಬಂತು ಎಂಬುದು ಬೇರೆಯೇ ಪ್ರಶ್ನೆ. ಎರಡನ್ನೂ ಒಟ್ಟಿಗೆ ಕಲಸಿದ್ದರಿಂದಲೇ ಇಷ್ಟೆಲ್ಲ ಗೊಂದಲ.

ಇಂಥ ಹಳೆಯ ಹಬ್ಬಗಳಿಗೆಲ್ಲ ಅಂಟಿಸುವ ‘ಪೇಗನ್’ ಎಂಬ ಪದವನ್ನೂ ಎಚ್ಚರದಿಂದ ಬಳಸಬೇಕು. ಲ್ಯಾಟಿನ್ನಿನಲ್ಲಿ ‘ಪಗಾನುಸ್’ ಎಂದರೆ ಮೂಲದಲ್ಲಿ ಹಳ್ಳಿಯವನು. ತಮ್ಮನ್ನು ಹಾಗೆ ಕರೆದುಕೊಂಡ ಜನ ಯಾರೂ ಇರಲಿಲ್ಲ. ಕ್ರೈಸ್ತರು ಉಳಿದವರಿಗೆಲ್ಲ ಸೇರಿಸಿ ಇಟ್ಟ ಹೆಸರು ಅದು. ರೋಮಿನ ಸೂರ್ಯಪೂಜೆ, ಸ್ಯಾಕ್ಸನ್ನರ ಮರದ ಗುಡಿ, ಐರ್ಲೆಂಡಿನ ಸುಗ್ಗಿ ಇವೆಲ್ಲ ಒಂದೇ ಧರ್ಮವಲ್ಲ, ಒಂದೇ ಕಾಲದವೂ ಅಲ್ಲ.

ಈಗ ಡಿಸೆಂಬರ್ 25ಕ್ಕೆ ಬರೋಣ. ಈ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದು ಪುಸ್ತಕದ ಮುಂದೆ. ಕ್ರಿ.ಶ. 354ರಲ್ಲಿ ರೋಮಿನ ಶ್ರೀಮಂತ ಕ್ರೈಸ್ತ ವ್ಯಾಲೆಂಟಿನಸ್ ಎಂಬವನಿಗಾಗಿ ಫಿಲೋಕಾಲಸ್ ಎಂಬ ಹೆಸರಾಂತ ಲಿಪಿಕಾರ ಒಂದು ಪಂಚಾಂಗವನ್ನು ಸಿದ್ಧಪಡಿಸಿದ. ಅದರ ಮೂಲ ಪ್ರತಿ ಉಳಿದಿಲ್ಲ. ಪ್ರತಿಯ ಪ್ರತಿಗಳಷ್ಟೇ ಉಳಿದಿವೆ. ಒಂದೇ ಹೊತ್ತಗೆಯೊಳಗೆ ರೋಮ್ ನಗರದ ಸರ್ಕಾರಿ ಹಬ್ಬಗಳ ಪಟ್ಟಿಯೂ ಇದೆ, ಕ್ರೈಸ್ತ ರಕ್ತಸಾಕ್ಷಿಗಳ, ಅಂದರೆ ಧರ್ಮಕ್ಕಾಗಿ ಪ್ರಾಣ ಕೊಟ್ಟವರ, ಸ್ಮರಣೆಯ ದಿನಗಳ ಪಟ್ಟಿಯೂ ಇದೆ. ಮೊದಲ ಪಟ್ಟಿಯಲ್ಲಿ ಡಿಸೆಂಬರ್ 25ರ ಎದುರು ‘ಅಜೇಯನ ಜನ್ಮದಿನ’ ಎಂದು ಚುಟುಕಾಗಿ ಬರೆದಿದೆ, ಜೊತೆಗೆ ಅಂದು 30 ರಥದ ಓಟಗಳು ಎಂಬ ಟಿಪ್ಪಣಿ. ಅಜೇಯ ಎಂದರೆ ‘ಸೋಲ್ ಇನ್ವಿಕ್ಟಸ್’, ಸೋಲಿಲ್ಲದ ಸೂರ್ಯ. ಪುಟಗಳನ್ನು ತಿರುವಿ ಎರಡನೆಯ ಪಟ್ಟಿಗೆ ಬಂದರೆ ಅದೇ ದಿನದ ಎದುರು ‘ಯೂದಾಯದ ಬೆತ್ಲೆಹೇಮಿನಲ್ಲಿ ಕ್ರಿಸ್ತನು ಹುಟ್ಟಿದನು’ ಎಂದಿದೆ. ಈ ಎರಡನೆಯ ಪಟ್ಟಿಯನ್ನು 336ರಲ್ಲೇ ಸಿದ್ಧಪಡಿಸಿರಬೇಕೆಂದು ಅದರ ಒಳಗಿನ ಜೋಡಣೆಯಿಂದ ವಿದ್ವಾಂಸರು ತೋರಿಸಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲಿ. ಡಿಸೆಂಬರ್ 25 ಸೂರ್ಯನ ಜನ್ಮದಿನ ಎಂಬುದಕ್ಕೆ ನಮಗಿರುವ ಅತ್ಯಂತ ಹಳೆಯ ದಾಖಲೆ ಈ ಪಂಚಾಂಗವೇ. ಡಿಸೆಂಬರ್ 25 ಕ್ರಿಸ್ತಜಯಂತಿ ಎಂಬುದಕ್ಕಿರುವ ನಿಸ್ಸಂದೇಹವಾದ ಹಳೆಯ ದಾಖಲೆಯೂ ಇದೇ. ಎರಡೂ ಅಕ್ಕಪಕ್ಕದಲ್ಲಿ, ಒಂದೇ ಹೊತ್ತಗೆಯಲ್ಲಿ ಮೊದಲ ಸಲ ಕಾಣಿಸಿಕೊಳ್ಳುತ್ತವೆ. ಯಾವುದು ಮೊದಲು ಎಂಬುದನ್ನು ಈ ಪುಸ್ತಕ ಹೇಳುವುದಿಲ್ಲ. ಸಂದೇಶ ಬರೆದವರು ಮಾತ್ರ ಅನುಮಾನವೇ ಇಲ್ಲದಂತೆ ಹೇಳುತ್ತಾರೆ.

‘ಚಕ್ರವರ್ತಿ ಔರೇಲಿಯನ್ 274ರಲ್ಲೇ ಡಿಸೆಂಬರ್ 25ನ್ನು ಸೂರ್ಯನ ಹಬ್ಬವಾಗಿ ಘೋಷಿಸಿದ’ ಎಂದು ನೀವು ಓದಿರಬಹುದು. ಔರೇಲಿಯನ್ ರೋಮಿನಲ್ಲಿ ಸೂರ್ಯನಿಗೆ ಭವ್ಯವಾದ ದೇವಾಲಯ ಕಟ್ಟಿಸಿದ್ದು ನಿಜ, ನಾಲ್ಕು ವರ್ಷಕ್ಕೊಮ್ಮೆ ಸೂರ್ಯನ ಹೆಸರಿನ ಕ್ರೀಡೋತ್ಸವವನ್ನು ಆರಂಭಿಸಿದ್ದೂ ನಿಜ. ಆದರೆ ಅದೇ 354ರ ಪಂಚಾಂಗದಲ್ಲಿ ಸೂರ್ಯನ ಆ ದೊಡ್ಡ ಉತ್ಸವ ಬರುವುದು ಅಕ್ಟೋಬರ್ 19ರಿಂದ 22ರವರೆಗೆ. ಡಿಸೆಂಬರ್ 25ಕ್ಕೂ ಔರೇಲಿಯನ್ನನಿಗೂ ನಂಟು ಕಟ್ಟುವ ಪ್ರಾಚೀನ ಬರಹವೇ ಇಲ್ಲ. ರೋಮಿನಲ್ಲಿ ಪೂಜೆಗೊಳ್ಳುತ್ತಿದ್ದ ಮಿತ್ರ (ಮಿಥ್ರಾಸ್) ಎಂಬ ದೇವತೆ ಅಂದೇ ಹುಟ್ಟಿದ ಎಂಬ ಮಾತಿಗೂ ಆಧಾರವಿಲ್ಲ.

ಇನ್ನು ಕ್ರಿಸ್‌ಮಸ್‌ನ ಮೂಲವೆಂದು ಕೆಲವರು ಹೇಳುವ ಸ್ಯಾಟರ್ನೇಲಿಯಾ. ಅದು ಆರಂಭವಾಗುತ್ತಿದ್ದುದು ಡಿಸೆಂಬರ್ 17ಕ್ಕೆ. ಬರಬರುತ್ತ 23ರವರೆಗೆ ಹಿಗ್ಗಿತು. ರೋಮನ್ನರಿಗೆ ಅತ್ಯಂತ ಪ್ರೀತಿಯ ಹಬ್ಬ. ಆಗ ಒಡೆಯರು ಆಳುಗಳಿಗೆ ಊಟ ಬಡಿಸುತ್ತಿದ್ದರು, ಮೇಣದ ಬತ್ತಿಗಳನ್ನೂ ಮಣ್ಣಿನ ಪುಟ್ಟ ಗೊಂಬೆಗಳನ್ನೂ ಉಡುಗೊರೆ ಕೊಡುತ್ತಿದ್ದರು, ಬೀದಿಯಲ್ಲೇ ಪಗಡೆಯಾಡುತ್ತಿದ್ದರು. ಅದರ ಸಡಗರದ ಒಂದಷ್ಟು ಅಂಶ ಆಮೇಲಿನ ಕ್ರಿಸ್‌ಮಸ್‌ಗೆ ಹರಿದುಬಂದಿದ್ದರೆ ನನಗೇನೂ ಆಶ್ಚರ್ಯವಿಲ್ಲ. ಆದರೆ ತಾರೀಖು ಅದರದ್ದಲ್ಲ.

ಹಾಗಾದರೆ 25 ಎಲ್ಲಿಂದ ಬಂತು? ಇದಕ್ಕೆ ಇನ್ನೊಂದು ದಾರಿಯಿದೆ, ಅದು ಲೆಕ್ಕದ ದಾರಿ. ಉತ್ತರ ಆಫ್ರಿಕದ ಲೇಖಕ ಟೆರ್ಟುಲಿಯನ್ ಕ್ರಿ.ಶ. 200ರ ಆಸುಪಾಸಿನಲ್ಲಿ ಯೇಸು ಶಿಲುಬೆಗೇರಿದ್ದು ಮಾರ್ಚ್ 25ರಂದು ಎಂದು ಬರೆದ. ಮಹಾಪುರುಷರ ಬದುಕು ಅರೆಬರೆಯಾಗಿ ನಿಲ್ಲುವುದಿಲ್ಲ, ಬಸಿರಿಗೆ ಬಂದ ದಿನವೇ ಸಾವಿನ ದಿನವೂ ಆಗಿರುತ್ತದೆ ಎಂಬ ನಂಬಿಕೆ ಕೆಲವರಲ್ಲಿ ಬೆಳೆಯಿತು. ಮಾರ್ಚ್ 25ಕ್ಕೆ ಒಂಬತ್ತು ತಿಂಗಳು ಕೂಡಿಸಿ: ಡಿಸೆಂಬರ್ 25. ಆಮೇಲಿನ ಬಿಷಪ್ ಸಂತ ಅಗಸ್ಟೀನ್ ಈ ಲೆಕ್ಕವನ್ನು ಬಿಡಿಸಿ ಹೇಳಿದ್ದಾನೆ. ಪೂರ್ವದ ಕ್ರೈಸ್ತರಲ್ಲಿ ಕೆಲವರು ಶಿಲುಬೆಯ ದಿನವನ್ನು ಏಪ್ರಿಲ್ 6 ಎಂದು ಎಣಿಸಿದ್ದರು. ಒಂಬತ್ತು ತಿಂಗಳು ಕೂಡಿಸಿದರೆ ಜನವರಿ 6. ಆರ್ಮೇನಿಯದ ಚರ್ಚು ಇಂದಿಗೂ ಕ್ರಿಸ್ತನ ಜನನವನ್ನು ಆಚರಿಸುವುದು ಜನವರಿ 6ರಂದೇ. ಎರಡು ಬೇರೆ ಬೇರೆ ಆರಂಭಗಳು, ಒಂದೇ ಲೆಕ್ಕ, ಎರಡು ಹಬ್ಬಗಳು. ‘ಕದ್ದರು’ ಎಂಬ ವಾದ ಜನವರಿ 6ನ್ನು ಇಷ್ಟು ಸರಾಗವಾಗಿ ವಿವರಿಸಲಾರದು.

ಆದರೆ ಲೆಕ್ಕದ ದಾರಿಯಲ್ಲೂ ಸೂರ್ಯ ಇದ್ದೇ ಇದ್ದಾನೆ, ಅವನನ್ನು ಹೊರಗೆ ಕಳಿಸಲು ಆಗುವುದಿಲ್ಲ. ರೋಮನ್ನರ ಕ್ಯಾಲೆಂಡರಿನಲ್ಲಿ ಮಾರ್ಚ್ 25 ಹಗಲಿರುಳು ಸಮನಾಗುವ ದಿನ, ಡಿಸೆಂಬರ್ 25 ಸೂರ್ಯ ಉತ್ತರಕ್ಕೆ ಹೊರಳುವ ದಿನ. ರೋಮಿನ ಲೇಖಕ ಪ್ಲಿನಿ ಹಾಗೆಂದೇ ಬರೆದಿದ್ದಾನೆ. ಆಕಾಶದಲ್ಲಿ ಮಾತ್ರ ಸೂರ್ಯ ಆ ತಾರೀಖಿಗೆ ಕಾಯುತ್ತಿರಲಿಲ್ಲ. ಜೂಲಿಯಸ್ ಸೀಸರನ ವರ್ಷ ನಿಜವಾದ ಋತುವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದವಾದ್ದರಿಂದ 128 ವರ್ಷಕ್ಕೊಂದು ದಿನದಂತೆ ಲೆಕ್ಕ ಜಾರುತ್ತ ಹೋಗಿ, ನಾಲ್ಕನೆಯ ಶತಮಾನದ ಹೊತ್ತಿಗೆ ಅಯನ ಡಿಸೆಂಬರ್ 21ರ ಹತ್ತಿರಕ್ಕೆ ಬಂದಿತ್ತು. ಜನರ ಮನಸ್ಸಿನಲ್ಲಿ ಮಾತ್ರ 25ನೆಯ ತಾರೀಖೇ ಉಳಿದಿತ್ತು. ಇದು ನಮಗೆ ಹೊಸದೇನಲ್ಲ. ಉತ್ತರಾಯಣ ಪುಣ್ಯಕಾಲವೆಂದು ಜನವರಿ 14 ಅಥವಾ 15ರಂದು ನಾವು ಎಳ್ಳುಬೆಲ್ಲ ಬೀರುವ ಹೊತ್ತಿಗೆ ಸೂರ್ಯ ಉತ್ತರಕ್ಕೆ ತಿರುಗಿ ಮೂರು ವಾರ ಕಳೆದಿರುತ್ತದೆ. ಅಲ್ಲಿಯೂ ವರ್ಷದ ಉದ್ದದಲ್ಲಿನ ಕೆಲವೇ ನಿಮಿಷಗಳ ವ್ಯತ್ಯಾಸ ಶತಮಾನಗಳ ಕಾಲ ಕೂಡುತ್ತ ಬಂದಿದೆ. ಹಬ್ಬ ಒಮ್ಮೆ ಒಂದು ದಿನಕ್ಕೆ ಅಂಟಿಕೊಂಡರೆ ಆಕಾಶವನ್ನು ಮತ್ತೆ ಕೇಳುವುದಿಲ್ಲ.

ನನ್ನ ಅಭಿಪ್ರಾಯ ಇದು: ಲೆಕ್ಕ ಮತ್ತು ಸೂರ್ಯ, ಎರಡನ್ನೂ ಬೇರೆ ಮಾಡುವುದು ಆ ಕಾಲದವರ ಮನಸ್ಸನ್ನು ತಪ್ಪಾಗಿ ತಿಳಿದಂತೆ. ಸೂರ್ಯ ಮತ್ತೆ ಬೆಳೆಯತೊಡಗುವ ದಿನ ಜಗತ್ತಿನ ಬೆಳಕು ಹುಟ್ಟಿತು ಎಂಬ ಮಾತು ಅವರಿಗೆ ಸಹಜವಾಗಿ ಕಂಡಿತು. ಆ ಕಲ್ಪನೆಯನ್ನು ಸೂರ್ಯನ ಭಕ್ತರಿಂದ ಎರವಲು ತರಬೇಕಾಗಿರಲಿಲ್ಲ, ಸುತ್ತಲಿನ ಗಾಳಿಯಲ್ಲೇ ಅದಿತ್ತು. ಅಗಸ್ಟೀನ್ ಕ್ರಿಸ್‌ಮಸ್ ಪ್ರವಚನವೊಂದರಲ್ಲಿ, ಈ ದಿನವನ್ನು ನಾವು ಆಚರಿಸುವುದು ಈ ಸೂರ್ಯನಿಗಾಗಿ ಅಲ್ಲ, ಸೂರ್ಯನನ್ನು ಮಾಡಿದವನಿಗಾಗಿ ಎಂಬ ಅರ್ಥದ ಮಾತು ಹೇಳುತ್ತಾನೆ. ಎದುರಿಗಿದ್ದವರಿಗೆ ಅದನ್ನು ಹೇಳಬೇಕಾಗಿ ಬಂತು ಎಂಬುದೇ ಬಹಳಷ್ಟನ್ನು ತಿಳಿಸುತ್ತದೆ.

ಇದಕ್ಕಿಂತ ಹತ್ತಿರದ ಒಂದು ದೃಶ್ಯವನ್ನು ಪೋಪ್ ಮಹಾ ಲಿಯೋ ನಮಗೆ ಬಿಟ್ಟುಹೋಗಿದ್ದಾನೆ. ಐದನೆಯ ಶತಮಾನದ ನಡುಭಾಗ, ರೋಮಿನ ಸಂತ ಪೇತ್ರರ ಮಹಾದೇವಾಲಯ. ಆಗಿನ ಆ ಕಟ್ಟಡದ ಹೆಬ್ಬಾಗಿಲು ಪೂರ್ವಕ್ಕಿತ್ತು, ಬಲಿಪೀಠ ಪಶ್ಚಿಮಕ್ಕೆ. ಬೆಳಗ್ಗೆ ಮೆಟ್ಟಿಲು ಹತ್ತುವವರ ಬೆನ್ನಿಗೆ ಸೂರ್ಯ ಮೂಡುತ್ತಿರುತ್ತಾನೆ. ಮೆಟ್ಟಿಲು ಮುಗಿದ ಜಗಲಿಯ ಮೇಲೆ ಕೆಲವರು ತಿರುಗಿ ನಿಂತು, ಕತ್ತು ಬಗ್ಗಿಸಿ, ಆ ಹೊಳೆಯುವ ಬಿಂಬಕ್ಕೆ ಕೈಮುಗಿದಂತೆ ನಮಿಸಿ, ಆಮೇಲೆ ಒಳಗೆ ಹೋಗುತ್ತಾರೆ! ಕ್ರಿಸ್‌ಮಸ್ ಪ್ರವಚನದಲ್ಲಿ ಲಿಯೋ ಇದನ್ನು ಹೇಳಿ ನೊಂದುಕೊಳ್ಳುತ್ತಾನೆ. ಕೆಲವರು ತಿಳಿಯದೆ ಮಾಡುತ್ತಾರೆ, ಕೆಲವರಿಗೆ ಹಳೆಯ ಅಭ್ಯಾಸ ಬಿಟ್ಟಿಲ್ಲ. ಸೃಷ್ಟಿಕರ್ತನಿಗೇ ನಮಿಸುತ್ತೇವೆ ಎಂದು ಯಾರಾದರೂ ಅಂದುಕೊಂಡಿದ್ದರೂ ಬಿಡಬೇಕು, ಹೊಸದಾಗಿ ಬಂದವನು ನೋಡಿ ‘ಹಳೆಯದೂ ನಡೆಯುತ್ತದೆ’ ಎಂದುಕೊಂಡಾನು ಎನ್ನುತ್ತಾನೆ. ಎಂದೋ ಕ್ರೈಸ್ತರಾಗಿದ್ದ ಜನರ ಕುತ್ತಿಗೆ ಇನ್ನೂ ಸೂರ್ಯನತ್ತ ಬಾಗುತ್ತಿತ್ತು. ಯಾರು ಯಾರಿಂದ ಏನನ್ನು ಕದ್ದರು ಎಂದು ಈ ಮೆಟ್ಟಿಲ ಮೇಲೆ ನಿಂತು ಕೇಳಿದರೆ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ. ಹಳೆಯ ಹಬ್ಬದವರೂ ಹೊಸ ಹಬ್ಬದವರೂ ಬೇರೆ ಬೇರೆ ಜನರಲ್ಲ, ಅವರೇ ಇವರು.

ಈಸ್ಟರ್ ವಿಷಯದಲ್ಲಿ ನಾನು ಇಷ್ಟು ತಾಳ್ಮೆಯಿಂದ ಮಾತಾಡಲಾರೆ, ಏಕೆಂದರೆ ಇಷ್ತಾರಳ ಕಥೆ ಪೂರ್ತಿ ಸುಳ್ಳು. ಹಬ್ಬದ ಹೆಸರು ಇಂಗ್ಲಿಷಿನಲ್ಲಿ ‘ಈಸ್ಟರ್’, ಜರ್ಮನ್ನಿನಲ್ಲಿ ‘ಓಸ್ಟರ್ನ್’. ಗ್ರೀಕರಿಗೆ ‘ಪಾಸ್ಖ’, ಇಟಲಿಯವರಿಗೆ ‘ಪಾಸ್ಕ್ವ’. ಕನ್ನಡ ಬೈಬಲಿನ ‘ಪಸ್ಕಹಬ್ಬ’ವೂ ಇದೇ ಬಳಗದ ಮಾತು. ಈ ಕೊನೆಯ ಮೂರರ ಬೇರು ಯೆಹೂದ್ಯರ ‘ಪೆಸಾಖ್’ ಹಬ್ಬ. ಈ ಹಬ್ಬದ ದಿನ ಯಾವುದಾಗಬೇಕೆಂದು ಏಷ್ಯಾ ಮೈನರಿನ ಬಿಷಪರಿಗೂ ರೋಮಿನ ಬಿಷಪರಿಗೂ ಎರಡನೆಯ ಶತಮಾನದಲ್ಲೇ ವ್ಯಾಜ್ಯ ನಡೆದಿತ್ತು. ಅವರು ಜಗಳವಾಡಿದ್ದು ಯೆಹೂದ್ಯರ ನಿಸಾನ್ ತಿಂಗಳ 14ನೆಯ ದಿನದ ಬಗ್ಗೆ. ಇಂಗ್ಲಿಷ್ ಭಾಷೆಯೇ ಆಗ ಹುಟ್ಟಿರಲಿಲ್ಲ. ಇಂಗ್ಲಿಷಿನ ಒಂದು ಪದ ಬಾಬಿಲೋನಿನ ದೇವಿಯ ಹೆಸರಿನಂತೆ ಕೇಳಿಸುತ್ತದೆ ಎಂಬುದರ ಮೇಲೆ ಇಡೀ ಸಿದ್ಧಾಂತ ಕಟ್ಟಿದವನು 1850ರ ದಶಕದ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಹಿಸ್ಲಾಪ್.

ಇಂಗ್ಲಿಷ್ ಹೆಸರಿನ ಹಿಂದೆ ಬೇರೊಬ್ಬ ದೇವಿ ಇರಬಹುದು. ಇಂಗ್ಲೆಂಡಿನ ಸನ್ಯಾಸಿ ಬೀಡ್ 725ರಲ್ಲಿ ಬರೆದ ಕಾಲಗಣನೆಯ ಗ್ರಂಥದಲ್ಲಿ, ತನ್ನ ಪೂರ್ವಿಕರು ಏಪ್ರಿಲ್ ಹೊತ್ತಿನ ತಿಂಗಳನ್ನು ಎಯೋಸ್ತ್ರೆ ಎಂಬ ದೇವಿಯ ಹೆಸರಿನಿಂದ ಕರೆಯುತ್ತಿದ್ದರು, ಈಗ ಆ ಹೆಸರಿನಲ್ಲೇ ಪಾಸ್ಖ ಕಾಲವನ್ನು ಕರೆಯುತ್ತಾರೆ ಎನ್ನುತ್ತಾನೆ. ಆಕೆಯನ್ನು ಹೆಸರಿಸಿದ ಪ್ರಾಚೀನ ಲೇಖಕ ಅವನೊಬ್ಬನೇ. ಬೀಡ್ ಕಲ್ಪಿಸಿಕೊಂಡ ಎಂದು ಹಿಂದೆ ಕೆಲವರು ತಳ್ಳಿಹಾಕಿದ್ದರು, ಆದರೆ 1958ರಲ್ಲಿ ಜರ್ಮನಿಯ ಮಾರ್ಕನ್-ಹಾರ್ಫ್ ಎಂಬಲ್ಲಿ ‘ಔಸ್ಟ್ರಿಯಹೆನೆ’ ಎಂಬ ಮಾತೃದೇವತೆಯರ 150ಕ್ಕೂ ಹೆಚ್ಚು ರೋಮನ್ ಕಾಲದ ಶಾಸನಗಳು ಸಿಕ್ಕಮೇಲೆ ಅವನ ಮಾತಿಗೆ ತೂಕ ಬಂದಿದೆ. ಇಷ್ಟರಿಂದ ಸಾಬೀತಾಗುವುದು ತಿಂಗಳ ಹೆಸರು ಮಾತ್ರ. ಭಾನುವಾರಕ್ಕೆ ನಾವು ಭಾನುವಿನ ಹೆಸರಿಟ್ಟಿದ್ದೇವೆ, ಅಂದು ರಜೆ ತೆಗೆದುಕೊಳ್ಳುವವರೆಲ್ಲ ಸೂರ್ಯವ್ರತ ಮಾಡುತ್ತಾರೆಯೇ?

ಮೊಟ್ಟೆಗೆ ಇಷ್ಟು ದೂರ ಹೋಗಬೇಕಾಗಿಲ್ಲ. ಮಧ್ಯಯುಗದಲ್ಲಿ ಈಸ್ಟರಿಗೆ ಮೊದಲು ಬರುವ ತಪಸ್ಸುಕಾಲದ ನಲವತ್ತು ದಿನ ಮಾಂಸದ ಜೊತೆ ಮೊಟ್ಟೆಯೂ ನಿಷಿದ್ಧ. ಕೋಳಿಗಳಿಗೆ ಆ ನಿಯಮ ತಿಳಿಯದು, ಮೊಟ್ಟೆ ಇಡುತ್ತಲೇ ಇರುತ್ತವೆ. ಹಬ್ಬದ ದಿನ ಮನೆತುಂಬ ಮೊಟ್ಟೆ. 1290ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನ ಅರಮನೆಯ ಲೆಕ್ಕದಲ್ಲಿ ಈಸ್ಟರಿಗೆ ಬಣ್ಣ ಹಾಕಿ ಹಂಚಲು 450 ಮೊಟ್ಟೆಗಳ ಖರ್ಚು ಬರೆದಿದೆ. ಮೊಲದ ಪ್ರಸ್ತಾಪ ಬರುವುದು 17ನೆಯ ಶತಮಾನದ ಜರ್ಮನಿಯಲ್ಲಿ. ಕ್ರಿಸ್‌ಮಸ್ ಮರವೂ ಅಷ್ಟೇ, ಫ್ರಾನ್ಸ್-ಜರ್ಮನಿ ಗಡಿಯ ಆಲ್ಸೇಸ್ ಪ್ರಾಂತ್ಯದ 16ನೆಯ ಶತಮಾನದ ದಾಖಲೆಗಳಿಗಿಂತ ಹಿಂದಕ್ಕೆ ಅದನ್ನು ಎಳೆದೊಯ್ಯುವುದು ಕಷ್ಟ.

ಹ್ಯಾಲೋವೀನ್ ಎಂದರೆ ಸಕಲ ಸಂತರ ಹಬ್ಬದ ಹಿಂದಿನ ರಾತ್ರಿ. ಐರ್ಲೆಂಡಿನಲ್ಲಿ ನವೆಂಬರ್ 1ಕ್ಕೆ ‘ಸಾವಿನ್’ ಎಂಬ ಹಳೆಯ ಋತುಹಬ್ಬ ಇದ್ದದ್ದು ನಿಜ. ಅದನ್ನು ನುಂಗಲೆಂದೇ ಚರ್ಚು ತನ್ನ ಹಬ್ಬವನ್ನು ಅಲ್ಲಿಗೆ ತಂದಿತು ಎಂಬುದು ವಾದ. ಆದರೆ ಸುಮಾರು 800ರಲ್ಲಿ ಬರೆದ ಐರ್ಲೆಂಡಿನದೇ ಸಂತರ ಪಟ್ಟಿ ಸಕಲ ಸಂತರನ್ನು ನೆನೆಯುವುದು ಏಪ್ರಿಲ್ 20ರಂದು! ನವೆಂಬರ್ 1 ಬೇರೂರಿದ್ದು ಇಂಗ್ಲೆಂಡ್, ಜರ್ಮನಿಯ ಕಡೆ. 835ರಲ್ಲಿ ಫ್ರಾಂಕರ ಚಕ್ರವರ್ತಿ ಲೂಯಿ ಅದನ್ನು ತನ್ನ ರಾಜ್ಯಕ್ಕೆಲ್ಲ ಗೊತ್ತುಮಾಡಿದ. ಸಾವಿನ್ ಆಚರಿಸುತ್ತಿದ್ದವರೇ ಬೇರೆ ತಾರೀಖು ಇಟ್ಟುಕೊಂಡಿದ್ದರೆಂದಮೇಲೆ ಆ ವಾದ ನಿಲ್ಲುವುದು ಹೇಗೆ? ಆಮೇಲೆ ಎರಡು ಹಬ್ಬ ಒಂದೇ ದಿನಕ್ಕೆ ಬಿದ್ದಾಗ ಐರ್ಲೆಂಡ್, ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ಬೆಂಕಿ, ವೇಷ, ಭವಿಷ್ಯ ನೋಡುವುದು ಎಲ್ಲ ಒಂದರೊಳಗೊಂದು ಕೂಡಿಕೊಂಡವು.

ಇಷ್ಟು ಹೇಳಿದ್ದು ಕೇಳಿ ನಾನು ಚರ್ಚಿನ ಪರ ವಕಾಲತ್ತು ವಹಿಸಿದ್ದೇನೆ ಎಂದುಕೊಳ್ಳಬೇಡಿ. ಹಳೆಯದನ್ನು ಬೇಕೆಂದೇ ಹೊಸದಕ್ಕೆ ತಿರುಗಿಸಿದ ಉದಾಹರಣೆಗಳು ಇವೆ, ಅವನ್ನು ಯಾರೂ ಮುಚ್ಚಿಟ್ಟಿಲ್ಲ. 601ರ ಬೇಸಿಗೆಯಲ್ಲಿ ಪೋಪ್ ಮಹಾ ಗ್ರೆಗರಿ ಇಂಗ್ಲೆಂಡಿಗೆ ಎರಡು ಬಗೆಯ ಆದೇಶ ಕಳಿಸಿದ. ಕೆಂಟ್ ರಾಜ್ಯದ ದೊರೆ ಎಥೆಲ್ಬರ್ಟನಿಗೆ ಬರೆದದ್ದು, ವಿಗ್ರಹಪೂಜೆಯನ್ನು ಅಡಗಿಸು, ಗುಡಿಗಳನ್ನು ಕೆಡವು ಎಂದು. ಅದೇ ಬೇಸಿಗೆಯಲ್ಲಿ ದಾರಿಯಲ್ಲಿದ್ದ ಮಠಾಧಿಪತಿ ಮೆಲ್ಲಿಟಸ್‌ನಿಗೆ ಬರೆದ ಕಾಗದದಲ್ಲಿ, ಬಹಳ ಯೋಚಿಸಿ ನೋಡಿದೆ ಎಂದು ಹೇಳಿ, ಗುಡಿಗಳನ್ನು ಕೆಡವಬೇಡಿ ಎಂದ. ವಿಗ್ರಹಗಳನ್ನು ಮಾತ್ರ ತೆಗೆಯಿರಿ, ಪವಿತ್ರ ಜಲ ಚಿಮುಕಿಸಿ, ಬಲಿಪೀಠ ಇಡಿ, ಜನ ತಮಗೆ ರೂಢಿಯಾದ ಜಾಗಕ್ಕೇ ಬರಲಿ. ಅವರು ದೆವ್ವಗಳಿಗೆಂದು ಎತ್ತುಗಳನ್ನು ಕಡಿಯುತ್ತಿದ್ದರಲ್ಲ, ಅದರ ಬದಲು ರಕ್ತಸಾಕ್ಷಿಗಳ ಹಬ್ಬದಂದು ಚರ್ಚಿನ ಸುತ್ತ ಸೊಪ್ಪಿನ ಚಪ್ಪರ ಹಾಕಿಕೊಂಡು ದೇವರ ಹೆಸರಿನಲ್ಲಿ ಕಡಿದು ಉಣ್ಣಲಿ. ಎತ್ತರಕ್ಕೆ ಹತ್ತುವವನು ಒಂದೊಂದೇ ಮೆಟ್ಟಿಲು ಹತ್ತುತ್ತಾನೆ, ನೆಗೆಯುವುದಿಲ್ಲ ಎಂಬುದು ಅವನ ಸಮಾಧಾನ. ಬೀಡ್ ಈ ಪತ್ರವನ್ನು ಪೂರ್ತಿಯಾಗಿ ನಕಲು ಮಾಡಿಟ್ಟಿದ್ದಾನೆ. ಕೆಲವೇ ವರ್ಷಗಳ ಬಳಿಕ, 609ರ ಸುಮಾರಿಗೆ, ರೋಮಿನಲ್ಲಿ ಸಕಲ ದೇವತೆಗಳ ಗುಡಿಯಾಗಿದ್ದ ಪ್ಯಾಂಥಿಯನ್ ಮಾತೆ ಮರಿಯ ಮತ್ತು ರಕ್ತಸಾಕ್ಷಿಗಳ ಹೆಸರಿನ ಚರ್ಚಾಯಿತು. ಆ ಗುಮ್ಮಟ ಇಂದಿಗೂ ನಿಂತಿರುವುದಕ್ಕೆ ಆ ಬದಲಾವಣೆಯೇ ದೊಡ್ಡ ಕಾರಣ.

ನಾರ್ವೆಯಲ್ಲಿ ಇದರ ಇನ್ನೊಂದು ಬಗೆ ಕಾಣುತ್ತದೆ. ಅಲ್ಲಿನ ನಡುಚಳಿಯ ಹಳೆಯ ಹಬ್ಬ ‘ಯೂಲ್’. ಹತ್ತನೆಯ ಶತಮಾನದ ದೊರೆ ಹಾಕೊನ್ ಕ್ರೈಸ್ತ, ಪ್ರಜೆಗಳು ಅಲ್ಲ. ಇನ್ನು ಮುಂದೆ ಯೂಲ್ ಹಬ್ಬವನ್ನು ಕ್ರೈಸ್ತರ ಹಬ್ಬದ ದಿನವೇ ಆರಂಭಿಸಬೇಕು, ಪ್ರತಿ ಮನೆಯಲ್ಲೂ ಇಂತಿಷ್ಟು ಬಿಯರ್ ಕಾಯಿಸಬೇಕು ಎಂದು ಅವನು ಕಟ್ಟಳೆ ಮಾಡಿದನೆಂದು ಐಸ್‌ಲೆಂಡಿನ ಇತಿಹಾಸಕಾರ ಸ್ನೋರಿ ಬರೆಯುತ್ತಾನೆ. ಗಮನಿಸಿ, ಇಲ್ಲಿ ಜಾಗ ಬದಲಿಸಿದ್ದು ಹಳೆಯ ಹಬ್ಬ, ಕ್ರಿಸ್‌ಮಸ್ ಅಲ್ಲ. ಹೆಸರು ಮಾತ್ರ ಹಳೆಯದೇ ಉಳಿಯಿತು: ಅಲ್ಲಿ ಇಂದಿಗೂ ಕ್ರಿಸ್‌ಮಸ್‌ಗೆ ‘ಯೂಲ್’ ಎಂದೇ ಹೇಳುತ್ತಾರೆ.

ನಿಮ್ಮ ಗೆಳತಿಗೆ ಬಹುಶಃ ಗೊತ್ತಿರದ ಒಂದು ಸಂಗತಿ ಇದೆ. ‘ಕ್ರಿಸ್‌ಮಸ್ ಪೇಗನ್ ಹಬ್ಬ’ ಎಂಬ ಆರೋಪವನ್ನು ಬಲವಾಗಿ ಎತ್ತಿದವರು ಕ್ರೈಸ್ತರೇ. ಬೈಬಲಿನಲ್ಲಿ ಇಲ್ಲದ್ದು ಬೇಡ ಎಂದ ಪ್ಯೂರಿಟನ್ನರು 1647ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಆಚರಣೆಯನ್ನು ರದ್ದುಮಾಡಿದರು. 1659ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಅಂದು ಕೆಲಸ ಬಿಟ್ಟು ಹಬ್ಬ ಮಾಡಿದವರಿಗೆ ಐದು ಷಿಲಿಂಗ್ ದಂಡ ವಿಧಿಸಿದರು, ಆ ಕಾನೂನು 1681ರವರೆಗೆ ಇತ್ತು. ಬಾಸ್ಟನ್ನಿನ ಪಾದ್ರಿ ಇನ್‌ಕ್ರೀಸ್ ಮೇದರ್ 1687ರಲ್ಲಿ ಇದು ಸ್ಯಾಟರ್ನೇಲಿಯಾದ ಮುಂದುವರಿಕೆ ಎಂದೇ ಬರೆದ. ಕ್ಯಾಥೊಲಿಕರನ್ನು ಹಳಿಯಲು ಪ್ರಾಟೆಸ್ಟೆಂಟರು ಹೊಸೆದ ಬಾಣ ಅದು. ಮೂರೂವರೆ ಶತಮಾನ ಹಾರಿ ಬಂದು ಈಗ ನಿಮ್ಮ ಕಾಲೇಜಿನ ಗುಂಪಿನಲ್ಲಿ ಬಿದ್ದಿದೆ.

ಕೊನೆಗೆ ನಮ್ಮ ಊರಿನ ಕಡೆಗೇ ಬರುತ್ತೇನೆ, ಏಕೆಂದರೆ ಪುಸ್ತಕದಲ್ಲಿ ಓದಿದ್ದೆಲ್ಲ ನನಗೆ ನಿಜವಾಗಿ ಅರ್ಥವಾದದ್ದು ದಕ್ಷಿಣ ಕನ್ನಡದ ಒಂದು ಇಗರ್ಜಿಯ ಅಂಗಳದಲ್ಲಿ. ಸೆಪ್ಟೆಂಬರ್ 8 ಮಾತೆ ಮರಿಯಳ ಜನ್ಮದಿನ. ಆ ತಾರೀಖು ಪೂರ್ವದ ಚರ್ಚುಗಳಿಂದ ಬಂದದ್ದು, ತುಳುನಾಡಿನ ಗದ್ದೆಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಆದರೆ ಕರಾವಳಿಯ ಕೊಂಕಣಿ ಕ್ಯಾಥೊಲಿಕರಿಗೆ ಅದು ಮೊಂತಿ ಹಬ್ಬ, ಹೊಸ ಅಕ್ಕಿಯ ಹಬ್ಬ. ಪರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನ ಹೆಸರಿನಿಂದ ಆ ಹೆಸರು ಬಂತೆಂದು ಅಲ್ಲಿನವರು ಹೇಳುತ್ತಾರೆ. ಅಂದು ಬೆಳಗ್ಗೆ ಮಕ್ಕಳು ಬುಟ್ಟಿಗಳಲ್ಲಿ ಹೂ ಹಿಡಿದು ಸಾಲಾಗಿ ಬರುತ್ತಿದ್ದರು. ಮನೆಯಂಗಳದ ದಾಸವಾಳ, ಬೇಲಿಯ ಕಾಡುಹೂ, ಪೇಟೆಯಿಂದ ತಂದ ಸೇವಂತಿಗೆ ಎಲ್ಲವೂ ಒಂದೇ ಬುಟ್ಟಿಯಲ್ಲಿ. ತೊಟ್ಟಿಲಿನಲ್ಲಿ ಮಲಗಿಸಿದಂತಿದ್ದ ಬಾಲೆ ಮರಿಯಳ ಮೂರ್ತಿಯ ಮೇಲೆ ಎರಡೆರಡು ಹಿಡಿ ಎರಚಿದರು. ಪಾದ್ರಿಗಳು ಹಸಿ ತೆನೆಯ ಕಟ್ಟನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚಿದರು. ಆ ದಿನ ಮನೆಯಲ್ಲಿ ಮೀನಿಲ್ಲ, ಮಾಂಸವಿಲ್ಲ. ಬಾಳೆಲೆ ಹಾಸಿ ತರಕಾರಿಯ ಬಗೆಬಗೆ ಪದಾರ್ಥ. ಊಟಕ್ಕೆ ಮೊದಲು ಮನೆಯ ಹಿರಿಯರು ತೆನೆಯ ನಾಲ್ಕು ಕಾಳು ಸುಲಿದು, ಪುಡಿಮಾಡಿ, ಹಾಲಿಗೆ ಹಾಕಿ ಒಬ್ಬೊಬ್ಬರಿಗೂ ಕೊಟ್ಟರು.

ನೆರೆಯ ತುಳುವರ ಮನೆಗಳಲ್ಲಿಯೂ ಹೊಸ ತೆನೆ ಮನೆಗೆ ಬರುತ್ತದೆ, ಹೊಸ ಅಕ್ಕಿಯ ಊಟ ನಡೆಯುತ್ತದೆ. ಕೊಡಗಿನಲ್ಲಿ ಅದು ಪುತ್ತರಿ. ಗದ್ದೆ ಒಂದೇ, ಮಳೆ ಒಂದೇ, ಮೊದಲ ಕಾಳನ್ನು ಮೇಲಿನವನಿಗೆ ತೋರಿಸದೆ ಉಣ್ಣಬಾರದೆಂಬ ಭಾವವೂ ಒಂದೇ. ಆ ಮನೆಯ ಅಜ್ಜಿಯನ್ನು ನಾನು ಕೇಳಿದೆ, ‘ಇದು ಹಿಂದೂಗಳಿಂದ ಬಂದದ್ದೇ ಅಮ್ಮ?’ ಎಂದು. ಆಕೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ‘ಗದ್ದೆಯಿಂದ ಬಂದದ್ದು’ ಎಂದರು. ಆಮೇಲೆ ಉಳಿದ ತೆನೆಯಿಂದ ಎರಡು ಕಡ್ಡಿ ಮುರಿದು ಎರಡು ಲಕೋಟೆಗಳಲ್ಲಿ ಇಟ್ಟು, ಒಂದರ ಮೇಲೆ ಮುಂಬಯಿಯಲ್ಲಿದ್ದ ಮಗಳ ವಿಳಾಸವನ್ನೂ ಇನ್ನೊಂದರ ಮೇಲೆ ಕುವೈತಿನಲ್ಲಿದ್ದ ಮಗನ ವಿಳಾಸವನ್ನೂ ಬರೆಯಲು ಮೊಮ್ಮಗನನ್ನು ಕರೆದರು.